ಫೀನಿಕ್ಸ್ ಮತ್ತು ಊರೀಯನ ಹೆಂಡತಿ



2022ರ ಡಿಸೆಂಬರ್ 7ರಂದು ನಮ್ಮ ತಾಂಡೂರು ಸೇರಿರುವ ವಿಕಾರಾಬಾದ್ ಜಿಲ್ಲೆಯ ಮರ್ಪಲ್ಲಿ ಮಂಡಲದಲ್ಲಿ, ಮೊಗಿಲಿಗುಂಡ್ಲ ಎಂಬ ಊರಿನ ಹೊಲಕ್ಕೆ ಆಕಾಶದಿಂದ ಒಂದು ದೊಡ್ಡ ಡಬ್ಬಿಯಂಥದ್ದು ಇಳಿಯಿತು. ಜನ ಓಡೋಡಿ ಬಂದರು. ಅನ್ಯಗ್ರಹದವರ ವಾಹನ ಎಂದರು ಕೆಲವರು, ಉಪಗ್ರಹ ಬಿದ್ದಿದೆ ಎಂದರು ಇನ್ನು ಕೆಲವರು. ಅದು ಹೇಲೋ ಸ್ಪೇಸ್ ಎಂಬ ಸ್ಪೇನ್ ದೇಶದ ಕಂಪನಿಯ ಪರೀಕ್ಷಾ ಕ್ಯಾಪ್ಸೂಲ್. ಹೈದರಾಬಾದಿನಲ್ಲಿರುವ ಟಿಐಎಫ್‌ಆರ್ ಸಂಸ್ಥೆಯ ಬಲೂನ್ ಕೇಂದ್ರದಿಂದ ಹಾರಿಸಿದ ಬಲೂನಿಗೆ ತೂಗುಹಾಕಿ ಸುಮಾರು 37 ಕಿಲೋಮೀಟರ್ ಎತ್ತರಕ್ಕೆ ಕಳಿಸಿದ್ದರು. ಒಳಗೆ ಯಾರೂ ಇರಲಿಲ್ಲ.

ಇಂಥ ಬಲೂನುಗಳು ನಮ್ಮ ಭಾಗಕ್ಕೆ ಹೊಸವಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಹೈದರಾಬಾದಿನಿಂದ ಅವು ಹಾರುತ್ತಿವೆ. ಬಣ್ಣದ ಪ್ಯಾರಾಚೂಟಿನಲ್ಲಿ ಉಪಕರಣ ಇಳಿದರೆ ಬಿಚ್ಚಬೇಡಿ, ಪೊಲೀಸ್ ಠಾಣೆಗೆ ಹೇಳಿ ಎಂದು ಸಂಗಾರೆಡ್ಡಿ, ವಿಕಾರಾಬಾದ್ ಕಡೆಯವರಿಗೆ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತಲೇ ಇರುತ್ತದೆ. ಇವುಗಳಲ್ಲಿ ಬಹಳ ಬಲೂನುಗಳು ಮೇಲೆ ಹೋಗಿದ್ದು ಕಾಸ್ಮಿಕ್ ಕಿರಣಗಳನ್ನು ಹುಡುಕಿಕೊಂಡು. ಕಾಸ್ಮಿಕ್ ಕಿರಣ ಎಂದ ಕೂಡಲೇ ಕಾಮಿಕ್ಸ್ ಓದುವ ನಮ್ಮ ಹುಡುಗರು ಕಿವಿ ನಿಮಿರಿಸುತ್ತಾರೆ. ಅಲ್ಲಿಂದಲೇ ನಾವೂ ಹೊರಡೋಣ.

ಯುವಜನ ಕೂಟದಲ್ಲಿ ಬೈಬಲ್ ಪಾಠ ಮುಗಿದ ಮೇಲೆ ನಡೆಯುವ ಮಾತುಗಳಲ್ಲಿ ಸೂಪರ್‌ಹೀರೋ ಸಿನಿಮಾ ಬಾರದ ವಾರ ಕಡಿಮೆ. ಅವೆಂಜರ್ಸ್, ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ, ಎಲ್ಲವನ್ನೂ ಇವರು ತೆಲುಗಿನಲ್ಲೋ ಹಿಂದಿಯಲ್ಲೋ ನೋಡಿ ಮುಗಿಸಿದ್ದಾರೆ. ಕೇಳುವ ಪ್ರಶ್ನೆ ಎರಡು. ಇದೆಲ್ಲ ವಿಜ್ಞಾನದ ಪ್ರಕಾರ ಆಗುವ ಮಾತೇ? ಹಿಂದಿನ ಕಥೆಯಲ್ಲಿ ಹೇಳಿದ್ದಕ್ಕೂ ಈಗ ಹೇಳುತ್ತಿರುವುದಕ್ಕೂ ತಾಳೆಯಾಗುತ್ತದೆಯೇ? ಸ್ವಲ್ಪ ಹೊತ್ತಿಗೆ ಮೂರನೆಯದು, ದನಿ ತಗ್ಗಿಸಿಕೊಂಡು ಬರುತ್ತದೆ: ಹಾಗಾದರೆ ನಾಲ್ಕು ಸುವಾರ್ತೆಗಳು ಒಂದಕ್ಕೊಂದು ಪೂರ್ತಿ ತಾಳೆಯಾಗುತ್ತವೆಯೇ? ಈ ಮೂರನೆಯ ಪ್ರಶ್ನೆಗೆ ಹೆದರಿ ಮೊದಲ ಎರಡನ್ನೂ ಬಾಯಿ ಮುಚ್ಚಿಸುವ ದೊಡ್ಡವರಿದ್ದಾರೆ. ನಮಗೆ ಅದು ಸರಿ ಕಾಣುವುದಿಲ್ಲ. ಸೂಪರ್‌ಹೀರೋ ಕಥೆಗಳ ಇತಿಹಾಸವನ್ನು ಸ್ವಲ್ಪ ತಿಳಿದರೆ ಮೂರನೆಯ ಪ್ರಶ್ನೆಯನ್ನು ಧೈರ್ಯವಾಗಿ ಕೇಳಬಹುದು.

ಮೊದಲು ವಿಜ್ಞಾನದ ಮಾತು. 1912ರ ಆಗಸ್ಟ್ 7ರಂದು ಆಸ್ಟ್ರಿಯಾದ ವಿಕ್ಟರ್ ಹೆಸ್ ಬಲೂನಿನಲ್ಲಿ ಕುಳಿತು 5,000 ಮೀಟರಿಗೂ ಮೇಲೆ ಏರಿದರು. ಮೇಲೆ ಹೋದಂತೆಲ್ಲ ವಿಕಿರಣ ಹೆಚ್ಚುತ್ತಿತ್ತು. ಅಂದರೆ ಅದು ನೆಲದಿಂದ ಬರುತ್ತಿಲ್ಲ, ಆಕಾಶದಿಂದ ಬರುತ್ತಿದೆ. ಇದಕ್ಕೆ 1936ರಲ್ಲಿ ಅವರಿಗೆ ನೊಬೆಲ್ ಬಂತು. 1940ರ ಸುಮಾರಿಗೆ ಅಮೆರಿಕದ ಮಿಲಿಕನ್ ಬೆಂಗಳೂರಿಗೆ ಬಂದು ಬಲೂನ್ ಹಾರಿಸಿದರು. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೋಮಿ ಭಾಭಾ ಕಾಸ್ಮಿಕ್ ಕಿರಣಗಳ ಕೆಲಸ ಹಿಡಿದರು, 1945ರಲ್ಲಿ ಟಿಐಎಫ್‌ಆರ್ ಕಟ್ಟಿದರು. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಜಗತ್ತಿನಲ್ಲೇ ಮೊದಲು ಕಂಡವರಲ್ಲಿ ಅವರು ಸೇರುತ್ತಾರೆ. ಚಿನ್ನ ಬಗೆಯಲು ತೋಡಿದ ಗುಂಡಿಯಲ್ಲಿ ನಕ್ಷತ್ರಲೋಕದ ಕಣ ಸಿಕ್ಕಿದ್ದು ಯಾವ ಕಾಮಿಕ್ಸಿಗೂ ಕಡಿಮೆಯ ಕಥೆಯಲ್ಲ. ನಮ್ಮ ಪಠ್ಯಪುಸ್ತಕದವರು ಇದನ್ನು ಇನ್ನೂ ಸ್ವಲ್ಪ ಉತ್ಸಾಹದಿಂದ ಹೇಳಬಹುದಿತ್ತು.

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದರು. ಅದೇ ವರ್ಷ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ 'ಫೆಂಟಾಸ್ಟಿಕ್ ಫೋರ್' ತಂದರು. ನಾಲ್ವರು ಅಪ್ಪಣೆಯಿಲ್ಲದೆ ರಾಕೆಟ್ ಹತ್ತುತ್ತಾರೆ, ಕಮ್ಯುನಿಸ್ಟರಿಗಿಂತ ಮೊದಲು ಹೋಗಬೇಕೆಂಬ ಆತುರ. ಪೈಲಟ್ ಬೆನ್ ಗ್ರಿಮ್ ಮಾತ್ರ, ಕಾಸ್ಮಿಕ್ ಕಿರಣದ ಬಗ್ಗೆ ನಮಗೆ ಸಾಕಷ್ಟು ಗೊತ್ತಿಲ್ಲ ಎಂದು ಎಚ್ಚರಿಸುತ್ತಾನೆ. ಯಾರೂ ಕೇಳುವುದಿಲ್ಲ. ಕಿರಣ ಹೊಕ್ಕು ಒಬ್ಬ ರಬ್ಬರಿನಂತಾದ, ಒಬ್ಬಳು ಕಾಣದಂತಾದಳು, ಒಬ್ಬ ಬೆಂಕಿಯಾದ. ಎಚ್ಚರಿಸಿದ ಬೆನ್ ಕಲ್ಲಾದ. ನಿಜದಲ್ಲಿ ಈ ಕಿರಣಗಳು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತವೆ, ಶಕ್ತಿ ಕೊಡುವುದಿಲ್ಲ. ಅಪೊಲೊ ಯಾತ್ರಿಗಳಿಗೆ ಕಣ್ಣು ಮುಚ್ಚಿದರೂ ಮಿಂಚು ಹೊಡೆದಂತೆ ಕಾಣುತ್ತಿತ್ತು, ಅಷ್ಟೇ. ನೀವು ಈ ಸಾಲು ಓದುವಷ್ಟರಲ್ಲಿ ಆ ಕಿರಣಗಳಿಂದ ಹುಟ್ಟಿದ ಕೆಲವು ಮ್ಯೂಆನ್ ಕಣಗಳು ನಿಮ್ಮ ಅಂಗೈ ದಾಟಿ ಹೋಗಿವೆ. ಯಾರೂ ಹಾರಲಿಲ್ಲ. ಆದರೂ ಆ ಕಥೆಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಆಗ ನಿಜವಾಗಿ ತಿಳಿಯದೆ ಇದ್ದ ಅಪಾಯವನ್ನು ಅದು ಹಿಡಿಯಿತು, ಆತುರಕ್ಕೆ ಬೆಲೆ ತೆರಬೇಕು ಎಂದಿತು.

ಇನ್ನೊಂದು ಕಥೆಗೆ ವಿಜ್ಞಾನದ ಲೆಕ್ಕ ಹೆಚ್ಚು ಚೆನ್ನಾಗಿತ್ತು. ಡಿಸಿ ಕಾಮಿಕ್ಸಿನ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಹುಡುಗನಾಗಿದ್ದಾಗಿನಿಂದ ವೈಜ್ಞಾನಿಕ ಕಥೆಗಳ ಹುಚ್ಚಿನವರು. 1958ರಲ್ಲಿ ಅವರ ಕೈಕೆಳಗೆ ಆಡಂ ಸ್ಟ್ರೇಂಜ್ ಹುಟ್ಟಿದ. ಆಲ್ಫಾ ಸೆಂಟಾರಿ ನಕ್ಷತ್ರದ ರಾನ್ ಎಂಬ ಗ್ರಹದಿಂದ ಒಬ್ಬ ವಿಜ್ಞಾನಿ 'ಜೀಟಾ' ಕಿರಣ ಹಾರಿಸುತ್ತಾನೆ. ಅದು ಭೂಮಿಯಲ್ಲಿ ಯಾರಿಗೆ ತಾಗುತ್ತದೋ ಅವರು ಆ ಗ್ರಹಕ್ಕೆ ಹೋಗಿಬಿಡುತ್ತಾರೆ. ಕಿರಣ ಬೆಳಕಿನ ವೇಗದಲ್ಲೇ ಬರಬೇಕು. ದೂರ ನಾಲ್ಕು ಬೆಳಕಿನ ವರ್ಷಕ್ಕೂ ಹೆಚ್ಚು. ಆದ್ದರಿಂದ ಈ ದಿನ ತಾಗುವ ಕಿರಣ ನಾಲ್ಕು ವರ್ಷದ ಹಿಂದೆಯೇ ಹೊರಟದ್ದು. ಅದು ಭೂಮಿಯ ಯಾವ ಮೂಲೆಗೆ, ಯಾವ ಗಳಿಗೆಗೆ ಬಂದು ತಾಗುತ್ತದೆಂದು ಲೆಕ್ಕ ಹಾಕಿ ಆಡಂ ಓಡಿಹೋಗಿ ನಿಲ್ಲುತ್ತಾನೆ, ತಾಂಡೂರು ಸ್ಟೇಷನ್ನಿನಲ್ಲಿ ರೈಲು ಹೊರಡುವ ಹೊತ್ತಿಗೆ ಸರಿಯಾಗಿ ಓಡಿಬರುವವರ ಹಾಗೆ. ಕಿರಣದ ಪ್ರಭಾವ ಇಳಿದರೆ ಮತ್ತೆ ಭೂಮಿ. ಪ್ರೀತಿಸಿದ ಅಲಾನಾ ಅಲ್ಲೇ ಉಳಿಯುತ್ತಾಳೆ. ಜೀಟಾ ಕಿರಣ ಸುಳ್ಳು. ಆದರೆ ನಾಲ್ಕು ವರ್ಷದ ದೂರ ನಿಜ, ಅಗಲಿಕೆ ಹುಟ್ಟುವುದೂ ಅದರಿಂದಲೇ. ವಿಜ್ಞಾನವನ್ನು ಕಥೆ ಹೀಗೆ ಬಳಸಬೇಕೆಂದು ನಮಗನಿಸುತ್ತದೆ. ಒಂದು ಸುಳ್ಳಿಗೆ ಅನುಮತಿ ಪಡೆದುಕೊಳ್ಳಲಿ, ಮಿಕ್ಕದ್ದಕ್ಕೆ ಲೆಕ್ಕ ಕೊಡಲಿ.

ನಮ್ಮ ಹಿರಿಯರು ಓದಿದ್ದು ಬೇರೆ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು, ಫ್ಯಾಂಟಮ್, ಮ್ಯಾಂಡ್ರೇಕ್ ಜೊತೆಗೆ ಆಕಾಶವೀರ ಫ್ಲ್ಯಾಶ್ ಗಾರ್ಡನ್ ಕೂಡ. ಫ್ಯಾಂಟಮ್‌ನ ಕಾಡಿನ ಹೆಸರು ಬಂಗಾಳಕ್ಕೆ ಹತ್ತಿರವಾಯಿತೆಂದು ನಮ್ಮವರು ಅದನ್ನು 'ಡೆಂಕಾಲಿ' ಮಾಡಿದರು. ಬಾಲಮಂಗಳದ ಡಿಂಗನನ್ನು ಮರೆಯಲಾದೀತೇ? ಬೇರೆ ಗ್ರಹದವರು ಹೊತ್ತೊಯ್ದು ಪ್ರಯೋಗ ಮಾಡಿದ್ದರಿಂದ ಶಕ್ತಿ ಬಂದ ಇಲಿ ಅವನು. ಅವನ ವಿಜ್ಞಾನ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. 1998ರಲ್ಲಿ ದೂರದರ್ಶನದಲ್ಲಿ ಬಂದ 'ಕ್ಯಾಪ್ಟನ್ ವ್ಯೋಮ್' ನೋಡಿದವರು ಈಗ ಸಂಡೇ ಸ್ಕೂಲ್ ಮಕ್ಕಳ ತಂದೆತಾಯಿ.

ಈಗ ಎರಡನೆಯ ಪ್ರಶ್ನೆ, ಹಳೆಯದಕ್ಕೆ ಹೊಸದು ಹೊಂದುವ ಪ್ರಶ್ನೆ. ಇದಕ್ಕೆ ಕಾಮಿಕ್ಸಿನವರು 'ಕಂಟಿನ್ಯೂಟಿ' ಎನ್ನುತ್ತಾರೆ. ಯಾವ ಕಥೆ ಅಧಿಕೃತ, ಯಾವುದು ಅಲ್ಲ ಎಂಬುದಕ್ಕೆ 'ಕ್ಯಾನನ್' ಎನ್ನುತ್ತಾರೆ. ಈ ಎರಡನೆಯ ಪದ ಹೋಗಿದ್ದು ನಮ್ಮ ಮನೆಯಿಂದಲೇ. ಯಾವ ಗ್ರಂಥಗಳು ಬೈಬಲಿಗೆ ಸೇರುತ್ತವೆ ಎಂಬುದಕ್ಕೆ ಸಭೆ ಬಳಸಿದ ಪದ ಅದು. 1911ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಷರ್ಲಾಕ್ ಹೋಮ್ಸ್ ಕಥೆಗಳ ಬಗ್ಗೆ ಒಂದು ಪ್ರಬಂಧ ಓದಿದರು. ಬೈಬಲ್ ಪಂಡಿತರು ತಾರೀಖು ತಾಳೆ ನೋಡುವ, ಇದು ಮೂಲ ಇದು ಸೇರಿಸಿದ್ದು ಎಂದು ಬೇರ್ಪಡಿಸುವ ರೀತಿಯನ್ನು ಅವರು ತಮಾಷೆಗೆ ಪತ್ತೇದಾರಿ ಕಥೆಗಳಿಗೆ ಹಚ್ಚಿದರು. ಓದುಗರಿಗೆ ಆ ಆಟ ಎಷ್ಟು ಹಿಡಿಸಿತೆಂದರೆ, ತಮಾಷೆ ಎಂಬುದೇ ಮರೆತುಹೋಯಿತು. ನಾಕ್ಸ್ ಮುಂದೆ ಪಾದ್ರಿಯಾದರು, ಬೈಬಲನ್ನೇ ಇಂಗ್ಲಿಷಿಗೆ ಅನುವಾದಿಸಿದರು. ಇಂದು ಕಾಮಿಕ್ಸ್ ಅಭಿಮಾನಿಗಳು ಆಡುವ ಜಗಳದ ಮೂಲದಲ್ಲಿ ಹೀಗೊಬ್ಬ ಪಾದ್ರಿ ನಗುತ್ತಾ ನಿಂತಿದ್ದಾರೆ.

ಮಾರ್ವೆಲ್‌ನ ಸ್ಟಾನ್ ಲೀ ತಪ್ಪು ಹುಡುಕಿದ ಓದುಗರಿಗೆ 'ನೋ ಪ್ರೈಜ್' ಕೊಡುತ್ತಿದ್ದರು. ಬರೀ ತಪ್ಪು ತೋರಿಸಿದರೆ ಸಾಲದು, ಅದು ತಪ್ಪಲ್ಲ ಎಂದು ಸಮರ್ಥಿಸುವ ಉಪಾಯವನ್ನೂ ಬರೆದು ಕಳಿಸಬೇಕು. ಬಹುಮಾನ ಒಂದು ಖಾಲಿ ಲಕೋಟೆ! ಡಿಸಿಯವರದು ಬೇರೆ ದಾರಿ. 1961ರಲ್ಲಿ ಎರಡು ಕಾಲದ ಇಬ್ಬರು ಫ್ಲ್ಯಾಶ್‌ಗಳನ್ನು ಭೇಟಿ ಮಾಡಿಸಲು ಎರಡು ಭೂಮಿಗಳಿವೆ ಎಂದರು. ಎರಡು ಮೂರಾಯಿತು, ಮೂರು ಹತ್ತಾಯಿತು. ಕೊನೆಗೆ 1985ರಲ್ಲಿ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್' ಎಂಬ 12 ಸಂಚಿಕೆಗಳ ಕಥೆಯಲ್ಲಿ ಎಲ್ಲ ಭೂಮಿಗಳನ್ನೂ ಒಂದೇ ಭೂಮಿ ಮಾಡಿದರು. ಮನೆ ಒಪ್ಪವಾಯಿತು ಎಂದುಕೊಂಡರು.

ಆಗ ನಡುಗಂಬವೇ ಕಿತ್ತುಬಂದದ್ದು 'ಲೀಜನ್ ಆಫ್ ಸೂಪರ್‌ಹೀರೋಸ್'ಗೆ. 1958ರಲ್ಲಿ ಹುಟ್ಟಿದ ಈ ಗುಂಪು ಬಾಹ್ಯಾಕಾಶದ ಸೂಪರ್‌ಹೀರೋ ತಂಡಗಳಿಗೆಲ್ಲ ಅಕ್ಕ ಇದ್ದ ಹಾಗೆ. ಮೂವತ್ತನೆಯ ಶತಮಾನದ ಹದಿಹರೆಯದವರು, ಗ್ರಹಕ್ಕೊಬ್ಬರು, ಶನಿಯ ಚಂದ್ರನಾದ ಟೈಟನ್‌ನಿಂದ ಒಬ್ಬಳು. ಅವರಿಗೆಲ್ಲ ಪ್ರೇರಣೆ ಸಾವಿರ ವರ್ಷ ಹಿಂದಿನ ಸೂಪರ್‌ಬಾಯ್, ಅಂದರೆ ಹುಡುಗನಾಗಿದ್ದ ಸೂಪರ್‌ಮ್ಯಾನ್. 1986ರಲ್ಲಿ ಸೂಪರ್‌ಮ್ಯಾನ್ ಕಥೆಯನ್ನು ಹೊಸದಾಗಿ ಹೇಳುವಾಗ, ಅವನು ಸೂಪರ್‌ಬಾಯ್ ಆಗಿರಲೇ ಇಲ್ಲ ಎಂದುಬಿಟ್ಟರು. ಹಾಗಾದರೆ ಲೀಜನ್ನಿಗೆ ಪ್ರೇರಣೆ ಯಾರು? 1987ರಲ್ಲಿ ಒಂದು ತೇಪೆ ಹಾಕಿದರು: ಅವರು ನೋಡಿದ್ದು ಖಳನಾಯಕನೊಬ್ಬ ಸೃಷ್ಟಿಸಿದ ಪುಟ್ಟ ಬ್ರಹ್ಮಾಂಡದ ಸೂಪರ್‌ಬಾಯ್. ಆ ಹುಡುಗನೂ ಸತ್ತ. ತೇಪೆ ನಿಲ್ಲಲಿಲ್ಲ, 1994ರಲ್ಲಿ ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದರು. 2000ದ ನಂತರ ಇನ್ನೊಮ್ಮೆ. ತಾಳೆಯಾಗದ ಒಂದು ಸಾಲನ್ನು ಸರಿಪಡಿಸಲು ಹೋಗಿ ಕಥೆಯನ್ನೇ ಕಳಕೊಂಡವರ ಇತಿಹಾಸ ಇದು.

ಲೀಜನ್ನಿನ ಒಳ್ಳೆಯ ದಿನಗಳ ಒಬ್ಬ ಲೇಖಕನ ವಿಷಯ ನಮ್ಮ ಹುಡುಗರು ತಿಳಿಯಲೇಬೇಕು. ಜಿಮ್ ಶೂಟರ್, ಪಿಟ್ಸ್‌ಬರ್ಗಿನವನು. ತಂದೆ ಉಕ್ಕಿನ ಕೆಲಸಗಾರ, ಮನೆಯಲ್ಲಿ ದುಡ್ಡಿನ ತೊಂದರೆ. 13 ವರ್ಷಕ್ಕೆ ಕಥೆ ಬರೆದು ಚಿತ್ರ ಸಮೇತ ಕಳಿಸಿದ. ಸಂಪಾದಕರಿಗೆ ವಯಸ್ಸು ಗೊತ್ತಿರಲಿಲ್ಲ, ಕೊಂಡುಕೊಂಡರು. 1966ರಲ್ಲಿ ಅಚ್ಚಾಯಿತು. ಮರುವರ್ಷ ಅವನು ಬರೆದ ಕಥೆಯಲ್ಲಿ, ಸೂರ್ಯರನ್ನೇ ನುಂಗುವ ಒಂದು ಮೋಡ ಬರುತ್ತದೆ. ಬಾಂಬನ್ನು ಅದರ ಹೃದಯಕ್ಕೆ ಕೊಂಡೊಯ್ಯಬೇಕು, ಹೋದವರು ಮರಳುವುದಿಲ್ಲ. ಫೆರೊ ಲ್ಯಾಡ್ ಎಂಬ ಹುಡುಗ ಅದನ್ನು ಕಿತ್ತುಕೊಂಡು ಹೋಗಿ ಸಾಯುತ್ತಾನೆ. ಸೂರ್ಯನನ್ನು ತಿನ್ನುವ ಮೋಡಕ್ಕೆ ವಿಜ್ಞಾನದಲ್ಲಿ ಜಾಗವಿಲ್ಲ. ಆದರೆ ಮುಂದಿನ ಕಥೆಗಳಲ್ಲಿ ಫೆರೊ ಲ್ಯಾಡ್ ಸತ್ತೇ ಇದ್ದ, ಗೆಳೆಯರು ಅವನನ್ನು ನೆನೆಯುತ್ತಿದ್ದರು. ತಾಳೆ ಎಂಬುದರ ನಿಜವಾದ ಬೆಲೆ ಇಲ್ಲಿದೆ. ನಿನ್ನೆಯ ತ್ಯಾಗ ಇವತ್ತೂ ತ್ಯಾಗವಾಗಿರಬೇಕು.

ಇದೇ ಶೂಟರ್ ದೊಡ್ಡವನಾಗಿ ಮಾರ್ವೆಲ್‌ನ ಪ್ರಧಾನ ಸಂಪಾದಕನಾದ. 1980ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ 'ಎಕ್ಸ್‌ಮೆನ್' ತರುತ್ತಿದ್ದರು. ಜೀನ್ ಗ್ರೇ ಎಂಬವಳು ಹಿಂದೆ ಬಾಹ್ಯಾಕಾಶದಿಂದ ಮರಳುವಾಗ ವಿಕಿರಣಕ್ಕೆ ಸಿಕ್ಕಿ ಫೀನಿಕ್ಸ್ ಆಗಿದ್ದಳು. ಶಕ್ತಿ ತಲೆಗೇರಿ ದೂರದ ಒಂದು ನಕ್ಷತ್ರವನ್ನು ನುಂಗಿಬಿಡುತ್ತಾಳೆ. ಅದರ ಗ್ರಹದಲ್ಲಿದ್ದ ಐನೂರು ಕೋಟಿ ಜೀವಗಳು ಸಾಯುತ್ತವೆ. ಲೇಖಕರ ಮೂಲ ಯೋಜನೆಯಲ್ಲಿ ಅವಳ ಶಕ್ತಿ ತೆಗೆದು ಮನೆಗೆ ಕಳಿಸುವುದಿತ್ತು. ಶೂಟರ್ ಒಪ್ಪಲಿಲ್ಲ. ಅಷ್ಟು ಜನರನ್ನು ಕೊಂದವಳು ಏನೂ ಆಗದಂತೆ ಮನೆಗೆ ಹೋಗುವುದು ಹೇಗೆ ಎಂಬುದು ಅವನ ವಾದ. ಕೊನೆಯ ಪುಟಗಳನ್ನು ಬದಲಿಸಿದರು. ಚಂದ್ರನ ಮೇಲೆ, ತನ್ನಿಂದ ಮತ್ತೆ ಕೇಡಾಗಬಾರದೆಂದು, ಜೀನ್ ತಾನೇ ಸಾವನ್ನು ಆರಿಸಿಕೊಂಡಳು.

ನೋಡಿ, ಫೀನಿಕ್ಸ್ ಬೆಳಕಿಗಿಂತ ವೇಗವಾಗಿ ಹೋದದ್ದು ಹೇಗೆಂದು ಸಂಪಾದಕ ಕೇಳಲಿಲ್ಲ. ನಕ್ಷತ್ರ ಹೊಟ್ಟೆಗೆ ಹೋದದ್ದು ಹೇಗೆಂದೂ ಕೇಳಲಿಲ್ಲ. ಸತ್ತವರ ಲೆಕ್ಕ ಕೇಳಿದ. ವಿಜ್ಞಾನದ ತಪ್ಪನ್ನು ಓದುಗ ಕ್ಷಮಿಸುತ್ತಾನೆ, ಸತ್ತವರನ್ನು ಮರೆತ ಕಥೆಯನ್ನು ಕ್ಷಮಿಸುವುದು ಕಷ್ಟ. (ಆತ್ಮಹತ್ಯೆಯನ್ನು ಪ್ರಾಯಶ್ಚಿತ್ತದಂತೆ ತೋರಿಸಿದ್ದು ನಮಗೆ ಒಪ್ಪಿಗೆಯಿಲ್ಲ. ಮನಸ್ಸು ಭಾರವಾದವರು ಯಾರೇ ಇದ್ದರೂ ಒಬ್ಬರೇ ಕೂರದೆ ನಂಬುವವರೊಡನೆ ಮಾತಾಡಿ. ಇದನ್ನು ಹೇಳದೆ ಮುಂದೆ ಹೋಗಲಾರೆವು.)

ಆರು ವರ್ಷವೂ ಆಗಲಿಲ್ಲ. ಹಳೆಯ ಎಕ್ಸ್‌ಮೆನ್ ಗುಂಪನ್ನು ಮತ್ತೆ ಕೂಡಿಸಲು 1986ರಲ್ಲಿ ಜೀನ್ ಬೇಕಾದಳು. ಐನೂರು ಕೋಟಿ ಕೊಂದವಳನ್ನು ನಾಯಕಿ ಮಾಡುವುದು ಹೇಗೆ? ಉಪಾಯ ಸಿಕ್ಕಿತು. ಕೊಂದದ್ದು ಜೀನ್ ಅಲ್ಲ, ಅವಳ ರೂಪ ತಾಳಿದ ಒಂದು ಶಕ್ತಿ. ನಿಜವಾದ ಜೀನ್ ಆವತ್ತಿನಿಂದಲೂ ಸಮುದ್ರದ ತಳದಲ್ಲಿ ಒಂದು ಗೂಡಿನೊಳಗೆ ನಿದ್ದೆಯಲ್ಲಿದ್ದಳು! ಹೀಗೆ ಹಿಂದಿನದನ್ನು ತಿದ್ದುವುದಕ್ಕೆ 'ರೆಟ್‌ಕಾನ್' ಎನ್ನುತ್ತಾರೆ. ಲೆಕ್ಕ ತಾಳೆಯಾಯಿತು, ಒಂದು ಸಾಲೂ ತಪ್ಪಿಲ್ಲ. ಆದರೆ ಏನು ನಡೆಯಿತು ಗಮನಿಸಿ. ಪಾಪಕ್ಕೆ ಕ್ಷಮೆ ಸಿಗಲಿಲ್ಲ. ಪಾಪ ಮಾಡಿದವಳೇ ಬೇರೆ ಎಂದು ಕಡತ ತಿದ್ದಿದರು. ಅವಳ ಸಾವೂ ಅವಳದಲ್ಲದಾಯಿತು.

ಈಗ ಆ ಮೂರನೆಯ ಪ್ರಶ್ನೆ. ಎರಡನೆಯ ಸಮುವೇಲ 11ನೆಯ ಅಧ್ಯಾಯವನ್ನೂ ಮೊದಲನೆಯ ಪೂರ್ವಕಾಲವೃತ್ತಾಂತ 20ನೆಯ ಅಧ್ಯಾಯವನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡೂ ಒಂದೇ ರೀತಿ ಶುರುವಾಗುತ್ತವೆ: ಅರಸರು ಯುದ್ಧಕ್ಕೆ ಹೋಗುವ ಕಾಲ, ಯೋವಾಬ ಹೊರಟ, ದಾವೀದ ಯೆರೂಸಲೇಮಿನಲ್ಲೇ ಉಳಿದ. ಸಮುವೇಲದಲ್ಲಿ ಮುಂದೆ ಬತ್ಷೆಬೆ ಬರುತ್ತಾಳೆ, ಅವಳ ಗಂಡ ಊರೀಯನ ಕೊಲೆಯಾಗುತ್ತದೆ, ಪ್ರವಾದಿ ನಾತಾನ ಬಂದು ಅರಸನ ಮುಖದೆದುರೇ ಹೇಳುತ್ತಾನೆ. ಪೂರ್ವಕಾಲವೃತ್ತಾಂತದಲ್ಲಿ ಅದೇನೂ ಇಲ್ಲ. ಪಟ್ಟಣ ಹಿಡಿದರು, ಕಿರೀಟ ಸಿಕ್ಕಿತು, ಮುಗಿಯಿತು. ಸೆರೆಯಿಂದ ಮರಳಿ ದೇವಾಲಯ ಕಟ್ಟಿಕೊಂಡ ಜನರಿಗಾಗಿ ಬರೆದ ಗ್ರಂಥ ಅದು. ದೇವಾಲಯದ ಕನಸು ಕಂಡ ದಾವೀದನೇ ಅದಕ್ಕೆ ಮುಖ್ಯ. ಜನಗಣತಿಗೆ ದಾವೀದನನ್ನು ಪ್ರೇರಿಸಿದ್ದು ಯೆಹೋವನ ಕೋಪ ಎನ್ನುತ್ತದೆ ಸಮುವೇಲ, ಸೈತಾನ ಎನ್ನುತ್ತದೆ ಪೂರ್ವಕಾಲವೃತ್ತಾಂತ.

ಕಾಮಿಕ್ಸ್ ಕಂಪನಿಯಾಗಿದ್ದರೆ ಹೊಸದು ಬಂದ ಮೇಲೆ ಹಳೆಯದು ರದ್ದು ಎನ್ನುತ್ತಿತ್ತು. ಗ್ರಂಥಗಳನ್ನು ಕೂಡಿಸಿದವರು ಎರಡನ್ನೂ ಇಟ್ಟರು, ಒಂದೇ ಬೈಬಲಿನಲ್ಲಿ, ಕೆಲವೇ ಪುಟಗಳ ಅಂತರದಲ್ಲಿ. ಮತ್ತಾಯನೋ ಇನ್ನೂ ಒಂದು ಹೆಜ್ಜೆ ಮುಂದೆ. ಕರ್ತನ ವಂಶಾವಳಿ ಬರೆಯುವಾಗ ಬತ್ಷೆಬೆ ಎಂದು ಹೆಸರು ಹೇಳಿ ಮುಗಿಸಬಹುದಿತ್ತು. ಊರೀಯನ ಹೆಂಡತಿ ಎಂದು ಬರೆದ. ಕೊಲೆಯಾದವನ ಹೆಸರು ರಕ್ಷಕನ ವಂಶಾವಳಿಯಲ್ಲೇ ಉಳಿಯಿತು. ಪೇತ್ರ ಮೂರು ಸಾರಿ ಅಲ್ಲಗಳೆದದ್ದೂ ಹಾಗೆಯೇ. ಆತನನ್ನು ದೊಡ್ಡ ಅಪೊಸ್ತಲನೆಂದು ಗೌರವಿಸಿದ ಸಭೆ ಅದನ್ನು ನಾಲ್ಕೂ ಸುವಾರ್ತೆಗಳಲ್ಲಿ ಉಳಿಸಿಕೊಂಡಿತು. ಅದು ಪೇತ್ರನಲ್ಲ, ಪೇತ್ರನ ರೂಪ ತಾಳಿದ ಇನ್ನೊಬ್ಬ ಎಂದು ಯಾರೂ ಬರೆಯಲಿಲ್ಲ.

ತಾಳೆ ಮಾಡುವ ಪ್ರಯತ್ನ ನಡೆಯಲೇ ಇಲ್ಲವೆಂದಲ್ಲ. ಸುಮಾರು 170ರಲ್ಲಿ ತತಿಯಾನ ಎಂಬವರು ನಾಲ್ಕೂ ಸುವಾರ್ತೆಗಳನ್ನು ಹೆಣೆದು ಒಂದೇ ಕಥೆ ಮಾಡಿದರು. ಅದಕ್ಕೆ 'ದಿಯಾತೆಸ್ಸರೋನ್' ಎಂದು ಹೆಸರು. ಸಿರಿಯಾ ಕಡೆಯ ಸಭೆಗಳು ಅದನ್ನೇ ಬಹುಕಾಲ ಓದಿದವು. ಐದನೆಯ ಶತಮಾನದಲ್ಲಿ ತಿಯೊದೊರೆತ ಎಂಬ ಬಿಷಪ್ ತಮ್ಮ ಸಭೆಗಳಲ್ಲಿ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ಕಂಡು, ತೆಗೆಸಿ, ನಾಲ್ಕು ಬೇರೆ ಬೇರೆ ಸುವಾರ್ತೆಗಳನ್ನೇ ಇಡಿಸಿದರು. ಹಾಗಂತ ಆ ಆಸೆ ಹೋಗಿಲ್ಲ. ಪ್ರತಿ ಕ್ರಿಸ್ಮಸ್ಸಿಗೆ ನಮ್ಮ ಮಕ್ಕಳು ಆಡುವ ನಾಟಕವೇ ಒಂದು ಪುಟ್ಟ ದಿಯಾತೆಸ್ಸರೋನ್. ಕುರುಬರು ಬರುವುದು ಲೂಕನಿಂದ, ಜ್ಞಾನಿಗಳು ಬರುವುದು ಮತ್ತಾಯನಿಂದ. ಇಬ್ಬರೂ ಒಂದೇ ರಾತ್ರಿ, ಒಂದೇ ಗೋದಲಿಯ ಮುಂದೆ, ಒಂದೇ ಥರ್ಮೋಕೋಲ್ ನಕ್ಷತ್ರದ ಕೆಳಗೆ! ನಾಟಕಕ್ಕೆ ಅದು ಚೆಂದವೇ, ನಿಲ್ಲಿಸಬೇಕಾಗಿಲ್ಲ.

ವಿಜ್ಞಾನದ ಜೊತೆ ತಾಳೆ ಮಾಡುವ ಆಸೆಯೂ ಇದೆ. ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೇತ್ರ್ 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಬರೆದರು, 1931ರಲ್ಲಿ ಎಲ್ಲವೂ ಒಂದು ಆದಿಕಣದಿಂದ ಶುರುವಾಯಿತು ಎಂದರು. ನಮ್ಮ ಬಲೂನುಗಳು ಹುಡುಕುವ ಕಾಸ್ಮಿಕ್ ಕಿರಣಗಳು ಆ ಆರಂಭದ ಉಳಿಕೆ ಎಂದೂ ನಂಬಿದ್ದರು. ಅದು ತಪ್ಪಾಯಿತು, ಆದಿಕಣದ ಮಾತು ನಿಂತಿತು. 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಈ ವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಹೇಳಿದಾಗ ಲೆಮೇತ್ರ್ ಸಂತೋಷಪಡಲಿಲ್ಲ. ದೇವರನ್ನು ತಮ್ಮ ಸಮೀಕರಣಕ್ಕೆ ಕಟ್ಟಿಹಾಕಲು ಅವರಿಗೆ ಮನಸ್ಸಿರಲಿಲ್ಲ. ಅವರ ಸಿದ್ಧಾಂತಕ್ಕೆ 'ಬಿಗ್ ಬ್ಯಾಂಗ್' ಎಂದು ಹೆಸರಿಟ್ಟವರು ಅದನ್ನು ಒಪ್ಪದ ಫ್ರೆಡ್ ಹಾಯ್ಲ್. 2005ರಲ್ಲಿ ಹೈದರಾಬಾದಿನಿಂದ ಹಾರಿದ ಬಲೂನು ಬಹಳ ಎತ್ತರದಿಂದ ತಂದ ಗಾಳಿಯಲ್ಲಿ ಹೊಸ ಬ್ಯಾಕ್ಟೀರಿಯಾಗಳು ಸಿಕ್ಕಾಗ, ಒಂದಕ್ಕೆ ಹಾಯ್ಲ್ ಹೆಸರನ್ನೇ ಇಟ್ಟರು.

ಬರುವ ಯುವಜನ ಕೂಟಕ್ಕೆ ಎಲ್ಲರೂ ಬೈಬಲ್ ತನ್ನಿ. ಎರಡನೆಯ ಸಮುವೇಲ 11 ಮತ್ತು 12, ಮೊದಲನೆಯ ಪೂರ್ವಕಾಲವೃತ್ತಾಂತ 20, ಮತ್ತಾಯ 1, ಇಷ್ಟನ್ನು ಒಟ್ಟಿಗೆ ಓದೋಣ. ಹಳೆಯ ಇಂದ್ರಜಾಲ ಕಾಮಿಕ್ಸ್ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಅದನ್ನೂ ತನ್ನಿ, ಜೋಪಾನವಾಗಿ ನೋಡಿ ವಾಪಸ್ ಕೊಡುತ್ತೇವೆ.